ಸೇತುವೆ ಕಾಯುವ ರಾಕ್ಷಸನ ಇಂಗ್ಲಿಷು

ನಮ್ಮ ಪಕ್ಕದ ಮನೆಯ ಮಡಿಕೆರಾಯರು ಬಿರುಬಿಸಿಲಿನಲ್ಲೂ ಕೊಡೆ ಬಿಚ್ಚಿಕೊಂಡೇ ಮನೆಯಿಂದ ಹೊರಡುತ್ತಿದ್ದರು. ಅದೂ ಬಾಗಿಲಿನಿಂದ ಗೇಟಿನವರೆಗೆ ಮಾತ್ರ. ಗೇಟು ದಾಟಿದ ಕೂಡಲೇ ಕೊಡೆ ಮಡಿಚಿ ಕಂಕುಳಿಗೆ ಸಿಕ್ಕಿಸಿಕೊಂಡು ಬಿಸಿಲಲ್ಲೇ ನಡೆದು ಹೋಗುತ್ತಿದ್ದರು. ಹೊಸಬರು ನೋಡಿದರೆ ಇವರ ತಲೆ ನೆಟ್ಟಗಿಲ್ಲ ಅಂದುಕೊಳ್ಳಬೇಕು. ಕಾರಣ ಇಷ್ಟೆ: ರಾಯರ ಮೇಲಿನ ಮಹಡಿಯ ವಕೀಲರ ಮನೆಯಲ್ಲಿ ಒಗೆದ ಬಟ್ಟೆಯನ್ನು ಹಿಂಡದೆ ಹಾಗೇ ಕಂಬಿಯ ಮೇಲೆ ಹರವುತ್ತಿದ್ದರು, ಅದರ ನೀರೆಲ್ಲ ರಾಯರ ನೆತ್ತಿಗೆ ಇಳಿಯುತ್ತಿತ್ತು. "ಸ್ವಲ್ಪ ಹಿಂಡಿ ಹಾಕಿ" ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ರಾಯರು ಅದರ ಬದಲು ಕೊಡೆ ಕೊಂಡರು. ಅದು ಹರಿದ ಮೇಲೆ ಇನ್ನೊಂದು ಕೊಂಡರು.

ಮಡಿಕೆರಾಯರು ಅನ್ನುವುದು ಬೀದಿಯವರು ಕೊಟ್ಟ ಬಿರುದು. ಕೈಗೆ ಸಿಕ್ಕಿದ್ದನ್ನೆಲ್ಲ ಮಡಿಚುವುದು ಅವರ ಅಭ್ಯಾಸ. ಮೂಲೆಯಲ್ಲಿರುವ ನನ್ನ ಗಡಿಯಾರ ರಿಪೇರಿ ಅಂಗಡಿಗೆ ಬಂದು ಕೂತರೆ ನಾನು ಗಾಜು ಒರೆಸುವ ಬಟ್ಟೆ, ನಿನ್ನೆಯ ಪೇಪರು, ಕೊನೆಗೆ ನನ್ನ ಕೋಟಿನ ತೋಳು, ಎಲ್ಲವನ್ನೂ ಅಂಚಿಗೆ ಅಂಚು ಕೂಡಿಸಿ ಮಡಿಚಿಟ್ಟು ಹೋಗುತ್ತಿದ್ದರು. ಅವರಿಗೆ ಕೆಲಸವೇ ಅದು. ದೊಡ್ಡ ಹೋಟೆಲೊಂದರ ಲಿನನ್ ರೂಮು, ಅಂದರೆ ಬೆಡ್‌ಶೀಟು, ಟವೆಲು, ದಿಂಬು, ಪರದೆಗಳ ಉಗ್ರಾಣ, ಪೂರಾ ಅವರ ಸುಪರ್ದಿನಲ್ಲಿತ್ತು. ಡಬಲ್ ಬೆಡ್‌ಶೀಟು ಮಡಿಚಲು ಬೇರೆ ಕಡೆ ಇಬ್ಬರು ಬೇಕು. ರಾಯರು ಒಬ್ಬರೇ, ಎರಡು ಕೈ ಒಂದು ಗದ್ದದಲ್ಲಿ ಮಡಿಚಿ ಮುಗಿಸುತ್ತಿದ್ದರು. ಬೆಡ್‌ಶೀಟುಗಳ ಸಹವಾಸ ಅವರಿಗೆ ಒಗ್ಗಿತ್ತು. ಯಾಕೆಂದರೆ ಬೆಡ್‌ಶೀಟಿಗೆ ಮುಖ ಇರುವುದಿಲ್ಲ. ರಾಯರಿಗೆ ಎದುರಿಗೆ ಒಂದು ಮುಖ ಬಂತೋ, ಬಾಯಿ ಕಟ್ಟಿಹೋಗುತ್ತಿತ್ತು.

ಇನ್ನು ಆ ಮುಖ ಇಂಗ್ಲಿಷ್ ಮಾತಾಡಿದರೆ ಕೇಳಬೇಕೆ? ಒಮ್ಮೆ ಹೊರದೇಶದ ಅತಿಥಿಯೊಬ್ಬರು ದಾರಿ ತಪ್ಪಿ ಲಿನನ್ ರೂಮಿನ ಬಾಗಿಲಿಗೇ ಬಂದು ಟವೆಲ್ ಕೇಳಿದರು. ರಾಯರು ಕೊಟ್ಟರು. ಅತಿಥಿ ಥ್ಯಾಂಕ್ಯೂ ಅಂದರು. ಅದಕ್ಕೆ ಏನು ಹೇಳಬೇಕೋ ತೋಚದೆ ರಾಯರು ಇನ್ನೊಂದು ಟವೆಲ್ ಕೊಟ್ಟರು. ಅವರು ಮತ್ತೆ ಥ್ಯಾಂಕ್ಯೂ ಅಂದರು. ರಾಯರು ದಿಂಬು ಕೊಟ್ಟರು. ಥ್ಯಾಂಕ್ಯೂ. ಬೆಡ್‌ಶೀಟು. ಥ್ಯಾಂಕ್ಯೂ. ಹೀಗೆ ಸಾಗಿ ಸಾಗಿ, ಕೊನೆಗೆ ಆ ಮನುಷ್ಯ ಊಟದ ಹಾಲ್‌ನ ಕಿಟಕಿ ಪರದೆಯನ್ನೂ ಹೊತ್ತುಕೊಂಡು ಹೊರಟುಹೋದರು. ಬೇಡ ಅನ್ನಲು ಅವರಿಗೂ ದಾಕ್ಷಿಣ್ಯ. ಆ ದಿನ ಮಧ್ಯಾಹ್ನ ಹಾಲ್‌ನಲ್ಲಿ ಊಟಕ್ಕೆ ಕೂತವರೆಲ್ಲ ಮುಖಕ್ಕೆ ಬಿಸಿಲು ಹೊಡೆಸಿಕೊಂಡು ಉಂಡರು.

ಇಂಥ ರಾಯರ ತಲೆಯ ಮೇಲೆ ಒಂದು ದಿನ ಬಂಡೆ ಬಿತ್ತು. ಹೋಟೆಲನ್ನು ಯಾವುದೋ ದೊಡ್ಡ ಕಂಪನಿ ಕೊಂಡುಕೊಂಡಿತು. ಮ್ಯಾನೇಜರು ಎಲ್ಲರನ್ನೂ ಸೇರಿಸಿ ಹೇಳಿದರು: "ತಿಂಗಳ ಕೊನೆಗೆ ಲಿನನ್ ರೂಮ್ ಮುಚ್ತೀವಿ. ಬಟ್ಟೆಯೆಲ್ಲ ಇನ್ಮೇಲೆ ಹೊರಗಿನವರು ನೋಡ್ಕೋತಾರೆ. ಕಂಪನಿಯಿಂದ ಮೇಡಂ ಬರ್ತಾರೆ. ಒಬ್ಬೊಬ್ಬರ ಜೊತೆನೂ ಇಂಗ್ಲಿಷಲ್ಲಿ ಮಾತಾಡ್ತಾರೆ. ಮಾತು ಬಂದವರು ರಿಸೆಪ್ಷನ್‌ಗೆ. ಬರದವರು..." ಮುಂದಿನದನ್ನು ಹೇಳದೆ ಅವರು ಬಾಗಿಲ ಕಡೆ ನೋಡಿದರು. ರಾಯರೂ ನೋಡಿದರು. ಬಾಗಿಲು ತೆರೆದೇ ಇತ್ತು.

ಮನೆಯಲ್ಲಿ ಸಂಪಾದಿಸುವವರು ರಾಯರೊಬ್ಬರೇ. ಮಗಳ ಓದು ಇನ್ನೊಂದು ವರ್ಷ ಬಾಕಿ. ಆ ಸಂಜೆ ರಾಯರು ಊಟದ ಮೇಜಿನ ಮುಂದೆ ಕೂತು ಕೈ ಒರೆಸುವ ಬಟ್ಟೆಯನ್ನು ಇನ್ನು ಮಡಿಚಲು ಸಾಧ್ಯವೇ ಇಲ್ಲ ಅನ್ನುವಷ್ಟು ಮಡಿಚಿದರು. ಅವರ ಹೆಂಡತಿ ತಡಮಾಡದೆ ತನ್ನ ಅಕ್ಕನ ಗಂಡನಿಗೆ ಹೇಳಿಕಳಿಸಿದರು. ಈ ಷಡ್ಡಕ ಹೋಟೆಲುಗಳಿಗೆಲ್ಲ ಸೋಪು ಸರಬರಾಜು ಮಾಡುವ ಮನುಷ್ಯ. ಇಂಗ್ಲಿಷನ್ನು ತಾನೇ ಕಂಡುಹಿಡಿದವನಂತೆ ಮಾತಾಡುತ್ತಿದ್ದ.

"ಎದ್ದು ನಿಂತ್ಕೊಳಯ್ಯಾ," ಅಂದ ಷಡ್ಡಕ. "ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡು. ಎದೆ ಮುಂದೆ. ಈಗ ಹೇಳು: ಗುಡ್ ಮಾರ್ನಿಂಗ್."

ರಾಯರು ಎದೆ ಮುಂದೆ ಮಾಡಿದರು. ಕಣ್ಣಲ್ಲಿ ಕಣ್ಣಿಟ್ಟರು. ಬಾಯಿ ತೆರೆದರು. ಆಮೇಲೆ ಮುಚ್ಚಿದರು.

"ಹೇಳಯ್ಯಾ!"

ರಾಯರು ಷಡ್ಡಕನ ಹೆಗಲ ಮೇಲಿದ್ದ ಟವೆಲನ್ನು ಮೆಲ್ಲಗೆ ತೆಗೆದು ಮಡಿಚಿ ಅವನ ಕೈಗೇ ಕೊಟ್ಟರು.

"ಇದು ಆಗೋ ಮಾತಲ್ಲ," ಅಂತ ಷಡ್ಡಕ ಎದ್ದ. "ಗೋಡೆಗೆ ಕಲಿಸಿದ್ರೆ ಇಷ್ಟೊತ್ತಿಗೆ ಗುಡ್ ಈವ್ನಿಂಗ್ ಅಂತಿತ್ತು." ಹೀಗೆ ಹೇಳಿ ಕಾಫಿ ಕುಡಿದು ಹೋದ. ಎರಡು ಲೋಟ ಕುಡಿದ ಅನ್ನುವುದನ್ನು ರಾಯರ ಹೆಂಡತಿ ಈಗಲೂ ಮರೆತಿಲ್ಲ.

ಅಪ್ಪನ ಮುಖ ನೋಡಲಾರದೆ ಮಗಳು ತನ್ನ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟಳು. "ಅಪ್ಪಾ, ಇಲ್ಲಿ ಬಾ. ಇದೊಂದು ಆಟ. ದೇಶದೇಶದವರು ಸೇರಿ ಆಡ್ತಾರೆ. ಒಬ್ಬೊಬ್ಬರದೂ ಒಂದೊಂದು ವೇಷ. ರಾಜ, ಸೈನಿಕ, ಮಂತ್ರವಾದಿ, ಏನು ಬೇಕಾದ್ರೂ ಆಗ್ಬಹುದು. ಮೈಕಲ್ಲಿ ಮಾತಾಡ್ಬೇಕು, ಇಂಗ್ಲಿಷಲ್ಲೇ. ನಾನೂ ಹೀಗೇ ಕಲಿತಿದ್ದು."

"ನನ್ನ ಮುಖ?" ಅಂದರು ರಾಯರು.

"ನಿನ್ನ ಮುಖ ಯಾರಿಗೂ ಕಾಣಲ್ಲ. ಅವರದೂ ನಿನಗೆ ಕಾಣಲ್ಲ. ತಪ್ಪು ಮಾತಾಡಿದ್ರೆ ನಗೋದು ಆ ಗೊಂಬೇನ ನೋಡಿ, ನಿನ್ನನ್ನಲ್ಲ."

ರಾಯರ ಜೀವಮಾನದಲ್ಲಿ ಇಷ್ಟು ಒಳ್ಳೆಯ ಸುದ್ದಿಯನ್ನು ಯಾರೂ ಹೇಳಿರಲಿಲ್ಲ. ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಅವರಿಗೆ ಛತ್ರದ ಯಜಮಾನನ ವೇಷ ಬೇಕಿತ್ತು. ಪರದೆಯ ಮೇಲೆ ವೇಷಗಳು ಒಂದೊಂದಾಗಿ ಸರಿಯುತ್ತಿದ್ದವು. ಛತ್ರದ ಯಜಮಾನ ಬಂದಾಗ ಒತ್ತೋಣ ಅಂತ ಬೆರಳೆತ್ತಿದರು. ಅಷ್ಟರಲ್ಲಿ ಅವನು ಸರಿದುಹೋಗಿ ಅವನ ಜಾಗಕ್ಕೆ ಕೋರೆಹಲ್ಲಿನ, ಕೊಂಬಿನ, ಹೆಗಲ ಮೇಲೆ ಗದೆ ಹೊತ್ತ ರಾಕ್ಷಸ ಬಂದಿದ್ದ. ರಾಯರ ಬೆರಳು ಒತ್ತಿಯಾಗಿತ್ತು. ಆ ಲೋಕದ ನಿಯಮದಂತೆ ಒಮ್ಮೆ ಹಾಕಿದ ವೇಷ ಹಾಕಿದ್ದೇ. ರಾಕ್ಷಸನ ಕೆಲಸ ಒಂದು ಸೇತುವೆ ಕಾಯುವುದು. ಬಂದವರನ್ನೆಲ್ಲ ಗದೆಯಿಂದ ಬಡಿದು ಕೊಲ್ಲುವುದು. ಸತ್ತವರು ಮೊದಲಿನಿಂದ ಆಟ ಶುರುಮಾಡಿ ಮತ್ತೆ ಬರಬೇಕು.

"ಕೊಲ್ಲಬೇಕಾ?" ರಾಯರು ಗಾಬರಿಯಾದರು.

"ಆಟ ಅಪ್ಪಾ ಅದು. ಅವರೂ ಸಾಯೋಕೇ ಬಂದಿರ್ತಾರೆ."

"ಆದರೂ ಒಂದು ಮಾತು ಕೇಳದೆ ಹೇಗೆ?"

ಹಾಗಾಗಿ ರಾಯರು ಕೇಳತೊಡಗಿದರು. ಮೊದಲ ದಿನ ಬಿಳಿ ಕುದುರೆಯ ಮೇಲೆ ವೀರನೊಬ್ಬ ಸೇತುವೆಗೆ ಬಂದ. ಮಗಳು ಕೂಗು ಅಂದಳು. ರಾಯರು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ತಮ್ಮಲ್ಲಿದ್ದ ಧ್ವನಿಯನ್ನೆಲ್ಲ ಒಟ್ಟುಮಾಡಿ ಗರ್ಜಿಸಿದರು: "ವೆಲ್‌ಕಮ್ ಸರ್! ಎಕ್ಸ್‌ಕ್ಯೂಸ್ ಮಿ ಸರ್! ಐ ಕಿಲ್ ಯು ನೌ. ಓಕೆ?"

ಆ ವೀರ ಕಕ್ಕಾಬಿಕ್ಕಿಯಾಗಿ ಕುದುರೆ ನಿಲ್ಲಿಸಿದ. ಎಷ್ಟೋ ರಾಕ್ಷಸರ ಕೈಯಲ್ಲಿ ಸತ್ತಿದ್ದ; ಯಾರೂ ಅವನ ಒಪ್ಪಿಗೆ ಕೇಳಿರಲಿಲ್ಲ. ಓಕೆ ಅಂದ. ರಾಯರು ಥ್ಯಾಂಕ್ಯೂ ಹೇಳಿ ಕೊಂದರು. ಆ ಥ್ಯಾಂಕ್ಯೂ ಬಾಯಿಂದ ಬಂದದ್ದು ಅವರಿಗೇ ಆಶ್ಚರ್ಯವಾಯಿತು.

ವಾರ ಕಳೆಯುವುದರಲ್ಲಿ ಆ ಲೋಕದಲ್ಲೆಲ್ಲ ಸುದ್ದಿ ಹಬ್ಬಿತು: ಸೇತುವೆಯ ಹತ್ತಿರ ಒಬ್ಬ ಮರ್ಯಾದಸ್ಥ ರಾಕ್ಷಸ ಇದ್ದಾನೆ. ಅವನ ಕೈಯಲ್ಲಿ ಸಾಯಲು ಜನ ಸಾಲು ನಿಂತರು. ರಾಯರು ಸಾಲನ್ನು ಸರಿಪಡಿಸುತ್ತಿದ್ದರು. ದೂರದಿಂದ ಬಂದವರನ್ನು ದಣಿವಾಯಿತೇ ಅಂತ ವಿಚಾರಿಸುತ್ತಿದ್ದರು. ಮೆಟ್ಟಿಲು ಜಾರುತ್ತದೆ, ನೋಡಿಕೊಂಡು ಬನ್ನಿ ಅನ್ನುತ್ತಿದ್ದರು. ಯಾರಿಗಾದರೂ ಆ ಹೊತ್ತು ಅನುಕೂಲವಿಲ್ಲದಿದ್ದರೆ ನಾಳೆ ಬನ್ನಿ ಅಂತ ಹೇಳಿ ಸಮಯ ಗೊತ್ತುಮಾಡುತ್ತಿದ್ದರು. ಬಿಳಿ ಕುದುರೆಯ ವೀರನಂತೂ ದಿನಾ ಬಂದು ಸತ್ತು ಹೋಗುತ್ತಿದ್ದ. ಹೋಗುವಾಗ ರಾಯರ ವ್ಯಾಕರಣ ತಿದ್ದುತ್ತಿದ್ದ. ರಾಯರ ಇಂಗ್ಲಿಷು ದಿನೇ ದಿನೇ ಹೂವಿನ ಬಳ್ಳಿಯಂತೆ ಹಬ್ಬಿತು.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ನಮಗೆ, ಅಂದರೆ ಬೀದಿಯವರಿಗೆ, ಕೇಳಿಸುತ್ತಿದ್ದದ್ದು ಬೇರೆ.

ಒಂದು ಸಂಜೆ ಮಹಡಿಯ ವಕೀಲರು ನನ್ನ ಅಂಗಡಿಗೆ ಬಂದು ಶಟರನ್ನು ಅರ್ಧ ಎಳೆದರು. ಮುಖದಲ್ಲಿ ರಕ್ತ ಇರಲಿಲ್ಲ.

"ನಿಮ್ಮ ಪಕ್ಕದ ಮನೆ ರಾಯರು ಎಂಥವರು?" ಅಂತ ಪಿಸುಗುಟ್ಟಿದರು.

"ಪಾಪದವರು. ಯಾಕೆ?"

"ಪಾಪದವರಂತೆ! ನಾನು ಕಿವಿಯಾರೆ ಕೇಳ್ದೆ ಕಣ್ರೀ. ಫೋನಲ್ಲೋ ಏನೋ, ಇಂಗ್ಲಿಷಲ್ಲಿ ಮಾತಾಡ್ತಿದ್ರು. 'ಸರ್, ನಾಳೆ ಬೆಳಿಗ್ಗೆ ನಿಮ್ಮನ್ನು ಕೊಲ್ತೀನಿ, ಎಷ್ಟು ಹೊತ್ತಿಗೆ ಅನುಕೂಲ?' ಅಂತ ಕೇಳಿದ್ರು. ಅನುಕೂಲ ಕೇಳಿದ್ರು ಸ್ವಾಮಿ! ನಾನು ಕೋರ್ಟಲ್ಲಿ ಎಂಥೆಂಥ ಕೊಲೆಗಾರರನ್ನೋ ನೋಡಿದೀನಿ. ಕೋಪದಲ್ಲಿ ಮಾಡೋರು, ಕುಡಿದು ಮಾಡೋರು. ಟೈಮ್ ಕೊಟ್ಟು ಮಾಡೋನನ್ನ ಇವತ್ತೇ ನೋಡಿದ್ದು."

ನಾನು ನಂಬಲಿಲ್ಲ. ಮನೆಗೆ ಹೋಗಿ ಗೋಡೆಗೆ ಕಿವಿ ಹಚ್ಚಿದೆ. ರಾಯರ ಧ್ವನಿ ಸ್ಪಷ್ಟವಾಗಿ ಕೇಳಿಸಿತು: "ಸಾರಿ ಮೇಡಂ, ನಿನ್ನೆ ನಿಮ್ಮ ಗಂಡನನ್ನು ಕೊಂದದ್ದು ಸರಿಯಾಗಿತ್ತಾ? ಏನೂ ಕಂಪ್ಲೇಂಟ್ ಇಲ್ಲ ತಾನೆ?" ನನ್ನ ಕಿವಿ ಗೋಡೆಗೇ ಅಂಟಿಕೊಂಡಿತು.

ಮಾರನೆಯ ಬೆಳಿಗ್ಗೆಯಿಂದ ಬೀದಿಯ ನಡವಳಿಕೆಯೇ ಬದಲಾಯಿತು. ನೀರು ತೊಟ್ಟಿಕ್ಕುವ ಸದ್ದೂ ರಾಯರ ಕಿವಿಗೆ ಬೀಳಬಾರದೆಂದು ವಕೀಲರ ಮನೆಯವರು ಬಟ್ಟೆಯನ್ನು ಎಷ್ಟು ಹಿಂಡಿದರೆಂದರೆ ಅಂಗಿಯ ಗುಂಡಿಗಳು ಕಿತ್ತು ನನ್ನ ಅಂಗಡಿಯವರೆಗೆ ಉರುಳಿಬಂದವು. ಬಸ್ಸಿನಲ್ಲಿ ಗೊತ್ತಿದ್ದವರು ರಾಯರಿಗೆ ಎದ್ದು ಸೀಟು ಬಿಟ್ಟರು. ತರಕಾರಿಯವಳು ರಾಯರಿಗೆ ತೂಕ ಮಾಡುವಾಗ ತಕ್ಕಡಿಯಿಂದ ಕೈ ದೂರ ಹಿಡಿದು ತೋರಿಸಿದಳು. ರಾಯರು ಬಂದರೆ ನಾನೇ ಎದ್ದು ಸ್ಟೂಲು ಒರೆಸುತ್ತಿದ್ದೆ. ಅವರು ನನ್ನ ಕೋಟಿನ ತೋಳು ಹಿಡಿದು ಮಡಿಚುವಾಗ ಉಸಿರು ಬಿಗಿಹಿಡಿದು ಕೂರುತ್ತಿದ್ದೆ.

ರಾಯರು ಇದನ್ನೆಲ್ಲ ನೋಡಿ ಹೆಂಡತಿಗೆ ಹೇಳಿದರಂತೆ: "ನೋಡಿದ್ಯಾ? ಇಂಗ್ಲಿಷ್ ಬಂದ್ರೆ ಎಷ್ಟು ಮರ್ಯಾದೆ! ನಾನಿನ್ನೂ ಯಾರ ಹತ್ರಾನೂ ಒಂದು ಮಾತು ಆಡಿಲ್ಲ. ಕಲೀತಿದೀನಿ ಅನ್ನೋದಕ್ಕೇ ಇಷ್ಟು."

"ಮುಖದಲ್ಲೇ ಕಳೆ ಬಂದಿದೆ ರೀ," ಅಂದರು ಹೆಂಡತಿ.

ವಕೀಲರು ಕಾನೂನು ಬಲ್ಲವರಾದ್ದರಿಂದ ಪೊಲೀಸರಿಗೆ ತಿಳಿಸದೆ ಇರಲಾಗಲಿಲ್ಲ. ಒಬ್ಬ ಪೊಲೀಸಪ್ಪ ವಿಚಾರಣೆಗೆ ಬಂದ. ರಾಯರು ಬಾಗಿಲು ತೆರೆದರು. ಎದುರಿಗೆ ಒಂದು ಮುಖ, ಅದರ ಮೇಲೆ ಟೋಪಿ. ಬಾಯಿ ಕಟ್ಟಿತು.

"ನಿಮ್ಮ ಮೇಲೆ ಒಂದು ಮಾತು ಬಂದಿದೆ," ಅಂದ ಪೊಲೀಸಪ್ಪ. "ಏನು ಹೇಳ್ತೀರಿ?"

ರಾಯರು ಅವನ ಟೋಪಿಯನ್ನೇ ನೋಡಿದರು.

"ಯಾರ ಜೊತೆ ಮಾತಾಡ್ತೀರಿ ಸಂಜೆ ಹೊತ್ತು?"

ರಾಯರು ಅವನ ಕೈಯಿಂದ ಕರವಸ್ತ್ರ ತೆಗೆದುಕೊಂಡು, ನೀಟಾಗಿ ಮಡಿಚಿ, ಅವನ ಜೇಬಿಗೆ ಇಟ್ಟರು. ಮೇಲೆ ಒಮ್ಮೆ ತಟ್ಟಿದರು. ಪೊಲೀಸಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಬರುತ್ತೇನೆ ಅಂತ ಹೇಳಿ, ನೇರ ನನ್ನ ಅಂಗಡಿಗೆ ಬಂದು ನೀರು ಕೇಳಿದ. "ಇಪ್ಪತ್ತು ವರ್ಷ ಸರ್ವೀಸಾಯ್ತು," ಅಂದ. "ಪಿಟಕ್ಕಂತ ಒಂದು ಮಾತಾಡ್ಲಿಲ್ಲ. ಜೇಬು ತಟ್ಟಿ ಕಳಿಸಿದ. ಇವನು ಸಣ್ಣಪುಟ್ಟ ಆಸಾಮಿ ಅಲ್ಲ."

ಸುದ್ದಿ ಷಡ್ಡಕನ ಕಿವಿಗೂ ಬಿತ್ತು. ಅವನು ರಾಯರನ್ನು ಗೋಡೆಗೆ ಹೋಲಿಸಿ ಆಡಿದ ಮಾತು ನೆನೆಸಿಕೊಂಡು ಬೆವರಿದ. ಆ ಹೋಟೆಲಿಗೂ ಸೋಪು ಕೊಡುತ್ತಿದ್ದವನು ಅವನೇ, ಮ್ಯಾನೇಜರು ಸ್ನೇಹಿತರು. ಸಂದರ್ಶನದ ಹಿಂದಿನ ದಿನ ಹೋಗಿ ಹೇಳಿದ: "ಸಾರ್, ನಾಳೆ ನಮ್ಮ ಲಿನನ್ ರೂಮಿನವನು ಬರ್ತಾನಲ್ಲ, ಅವನಿಗೆ ಇಲ್ಲ ಅನ್ಬೇಡಿ. ಅಂದ್ರೂ ದೂರ ನಿಂತು ಅನ್ನಿ. ಕೆಲಸ ಹೋದ್ರೆ ಅವನು ಏನ್ಮಾಡ್ತಾನೋ ಗೊತ್ತಿಲ್ಲ. ನನ್ನ ಹೆಸರು ಮಾತ್ರ ಎತ್ತಬೇಡಿ."

ಮ್ಯಾನೇಜರಿಗೆ ಆ ರಾತ್ರಿ ಊಟ ಸೇರಲಿಲ್ಲ.

ಸಂದರ್ಶನ ಊಟದ ಹಾಲಿನಲ್ಲಿ. ಮೇಡಂ ಮೇಜಿನ ಆಚೆ, ಪಕ್ಕದಲ್ಲಿ ಮ್ಯಾನೇಜರು. ರಾಯರ ಸರದಿ ಬಂದಾಗ ಅವರು ಲಿನನ್ ರೂಮಿನಲ್ಲಿ ಹೊರಗಿನ ಕಂಪನಿಗೆ ಒಪ್ಪಿಸಬೇಕಾದ ಬಟ್ಟೆ ಮಡಿಚುತ್ತಿದ್ದರು. ಕರೆದಾಕ್ಷಣ ಗಾಬರಿಯಲ್ಲಿ ಹಾಗೇ ಬಂದುಬಿಟ್ಟರು. ಹೆಗಲ ಮೇಲೆ ಒಂದು ಡಬಲ್ ಬೆಡ್‌ಶೀಟು ಇತ್ತು.

ಮೇಡಂ ಹಸನ್ಮುಖಿ. ನಿಮ್ಮ ಬಗ್ಗೆ ಸ್ವಲ್ಪ ಹೇಳಿ ಅಂತ ಇಂಗ್ಲಿಷಿನಲ್ಲಿ ಕೇಳಿದರು. ರಾಯರ ತಲೆಯ ತುಂಬ ಇಂಗ್ಲಿಷು ಇತ್ತು. ನಾಲಿಗೆಯ ಬುಡದವರೆಗೂ ಬಂದಿತ್ತು. ಆದರೆ ಎದುರಿಗೆ ಮುಖ ಇತ್ತು. ಕಣ್ಣು, ಮೂಗು, ನಗು, ಎಲ್ಲ ಇದ್ದ ಪೂರಾ ಮುಖ. ಬಾಯಿ ತೆರೆದರು, ಮುಚ್ಚಿದರು. ಮೇಡಂ, ಅವಸರವಿಲ್ಲ, ನಿಧಾನವಾಗಿ ಹೇಳಿ ಅಂದರು. ರಾಯರು ಮಗಳ ಮುಖ ನೆನೆಸಿಕೊಂಡರು. ತೆರೆದಿದ್ದ ಬಾಗಿಲು ನೆನೆಸಿಕೊಂಡರು. ಹಣೆಯಿಂದ ಬೆವರು ಇಳಿಯಿತು. ಮಾತು ಮಾತ್ರ ಹೊರಗೆ ಬರಲೊಲ್ಲದು.

ಮೇಡಂ ಇನ್ನೊಂದು ದಾರಿ ನೋಡಿದರು. "ಆಗಲಿ, ನಾನು ಅತಿಥಿ ಅಂದುಕೊಳ್ಳಿ. ದೂರದಿಂದ ಬಂದಿದ್ದೇನೆ. ನನ್ನ ರೂಮು ಇನ್ನೂ ಸಿದ್ಧವಾಗಿಲ್ಲ. ನನಗೆ ಕೆಂಡದಂಥ ಕೋಪ ಬಂದಿದೆ. ನೀವು ಏನು ಹೇಳುತ್ತೀರಿ?"

ದೂರದಿಂದ ಬಂದವರು. ಕೋಪಗೊಂಡವರು. ರಾಯರ ಕಣ್ಣಿನ ಮುಂದೆ ಸೇತುವೆ ಬಂದು ನಿಂತಿತು. ಎಲ್ಲ ಇದೆ, ಅಡ್ಡವಾಗಿರುವುದು ಮುಖ ಒಂದೇ. ರಾಯರು ಹೆಗಲ ಮೇಲಿನ ಬೆಡ್‌ಶೀಟನ್ನು ತೆಗೆದರು. ಎರಡು ಮೂಲೆ ಎರಡು ಕೈಯಲ್ಲಿ ಹಿಡಿದರು. ಫಟಾರೆಂದು ಝಾಡಿಸಿದರು.

"ಮೇಡಂ, ಓಡಿ!" ಅಂತ ಕಿರುಚಿ ಮ್ಯಾನೇಜರು ಮೇಜಿನ ಕೆಳಗೆ ಹೋದರು.

ಯಾರ ಕತ್ತಿಗೂ ಏನೂ ಆಗಲಿಲ್ಲ. ಬೆಡ್‌ಶೀಟು ರಾಯರ ತಲೆಯಿಂದ ಪಾದದವರೆಗೆ ಪರದೆಯಂತೆ ಇಳಿಬಿದ್ದಿತು. ಅದರ ಹಿಂದಿನಿಂದ ಒಂದು ಭಾರಿ ಧ್ವನಿ ಗುಡುಗಿತು: "ವೆಲ್‌ಕಮ್ ಮೇಡಂ!" ಊಟದ ಮೇಜುಗಳ ಮೇಲಿನ ಲೋಟಗಳು ಗಲಗಲ ಅಂದವು. ಆಮೇಲೆ ಅದೇ ಧ್ವನಿ ಮೆತ್ತಗಾಗಿ, ನಿಲ್ಲದ ಇಂಗ್ಲಿಷಿನಲ್ಲಿ ಹರಿಯತೊಡಗಿತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಬಹಳ ದೂರದಿಂದ ಬಂದಿದ್ದೀರಿ ಮೇಡಂ. ದಣಿದಿದ್ದೀರಿ. ನಿಮಗೆ ಕೋಪ ಬಂದಿದೆ, ಬರಬೇಕಾದದ್ದೇ. ರೂಮು ಆಗಿಲ್ಲ, ತಪ್ಪು ನಮ್ಮದು. ಇಲ್ಲಿ ನೆರಳಿದೆ, ಕೂತುಕೊಳ್ಳಿ. ನೀರು ತರಿಸುತ್ತೇನೆ. ನಿಮ್ಮ ಚೀಲ ನಾನು ನೋಡಿಕೊಳ್ಳುತ್ತೇನೆ. ದಣಿವಾರಿದ ಮೇಲೆ ನಿಮ್ಮನ್ನು ಕೊಲ್ಲು... ಇಲ್ಲ ಇಲ್ಲ ಮೇಡಂ, ನಿಮ್ಮನ್ನಲ್ಲ! ಕ್ಷಮಿಸಿ. ಅದು ನನ್ನ ಇನ್ನೊಂದು ಕೆಲಸ."

ಮೇಜಿನ ಕೆಳಗಿನಿಂದ ಮ್ಯಾನೇಜರ ನರಳಾಟ ಕೇಳಿಸಿತು.

ಮೇಡಂ ಕುರ್ಚಿಯಿಂದ ಅಲ್ಲಾಡಲಿಲ್ಲ. ಇನ್ನೊಂದು ಕೆಲಸ ಯಾವುದು ಅಂತ ಕೇಳಿದರು. ಬೆಡ್‌ಶೀಟು ಹೇಳಿತು: ಆಟ, ಸೇತುವೆ, ಬಿಳಿ ಕುದುರೆ, ಸಾಯಲು ನಿಂತ ಸಾಲು, ಎಲ್ಲ. ಮೇಡಂ ಮೊದಲು ಕರವಸ್ತ್ರ ಬಾಯಿಗೆ ಒತ್ತಿಕೊಂಡರು, ಆಮೇಲೆ ಅದನ್ನೂ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣು ಒರೆಸಿಕೊಂಡ ಮೇಲೆ ಗಂಭೀರರಾದರು.

"ನಿಮ್ಮ ಇಂಗ್ಲಿಷು ಚೆನ್ನಾಗಿದೆ," ಅಂದರು. "ಆದರೆ ರಿಸೆಪ್ಷನ್‌ನಲ್ಲಿ ಬೆಡ್‌ಶೀಟನ್ನು ನಿಲ್ಲಿಸಲು ಆಗುವುದಿಲ್ಲವಲ್ಲ?"

ಬೆಡ್‌ಶೀಟು ಒಂದು ಗೇಣು ಕೆಳಗೆ ಇಳಿದು ಮತ್ತೆ ಮೇಲಕ್ಕೆ ಹೋಯಿತು. ಅದನ್ನು ಎತ್ತಿ ಹಿಡಿದ ಕೈಗಳು ಮಾತ್ರ ಮೇಲಂಚಿನಲ್ಲಿ ಕಾಣುತ್ತಿದ್ದವು.

ಮೇಡಂ ಆ ಕೈಗಳನ್ನು ನೋಡಿದರು. "ಕೈ ನೋಯುತ್ತಿರಬೇಕು," ಅಂದರು. "ಅದನ್ನು ಮಡಿಚಿಬಿಡಿ. ಮಾತು ನಿಲ್ಲಿಸಬೇಡಿ. ಒಂದು ರೂಮನ್ನು ಅತಿಥಿಗೆ ಹೇಗೆ ಸಿದ್ಧಮಾಡುತ್ತೀರಿ, ಅದನ್ನು ಹೇಳಿ."

ಮಡಿಚಿ ಅಂದರೆ ರಾಯರ ಕೈಗೆ ಬೇರೆ ಅಪ್ಪಣೆ ಬೇಕಿಲ್ಲ. ಮೂಲೆಗೆ ಮೂಲೆ ಕೂಡಿತು. ಬೆಡ್‌ಶೀಟಿನ ಅಗಲ ಅರ್ಧಕ್ಕೆ ಇಳಿಯಿತು. ಎರಡೂ ಕಡೆಯಿಂದ ರಾಯರ ಭುಜ ಹೊರಗೆ ಬಂತು. ಹಾಸಿಗೆಯ ಮೇಲೆ ಮೊದಲು ಏನು ಹಾಸಬೇಕು ಅಂತ ಅವರು ಹೇಳುತ್ತಿದ್ದರು. ಇನ್ನೊಮ್ಮೆ ಕೂಡಿತು, ಕಿವಿಗಳು ಬಂದವು. ಕಿಟಕಿ ಎಷ್ಟು ತೆರೆದಿರಬೇಕು, ಬೆಳಕು ದಿಂಬಿನ ಯಾವ ಪಕ್ಕಕ್ಕೆ ಬೀಳಬೇಕು ಅಂತ ವಿವರಿಸುತ್ತಿದ್ದರು. ಉಳಿದ ಪಟ್ಟಿಯನ್ನು ನಡುವೆ ಗದ್ದದಿಂದ ಒತ್ತಿಹಿಡಿದು ಮೇಲಿನ ಅರ್ಧವನ್ನು ಕೆಳಕ್ಕೆ ಬಿಟ್ಟರು. ಹಣೆ, ಹುಬ್ಬು, ಕಣ್ಣು, ಮೂಗು, ಪೂರಾ ಮುಖ ಹೊರಗೆ ಬಂತು. ಗದ್ದ ಒತ್ತಿಕೊಂಡಿದ್ದರಿಂದ ಮಾತು ಸ್ವಲ್ಪ ಹಿಸುಕಿಕೊಂಡಿತ್ತು, ನಿಲ್ಲಲಿಲ್ಲ. ದೂರ ಪ್ರಯಾಣ ಮಾಡಿ ಬಂದವರಿಗೆ ದಿಂಬು ತಣ್ಣಗಿರಬೇಕು ಮೇಡಂ, ಕೋಪ ಅಲ್ಲೇ ಇಳಿಯುತ್ತದೆ ಅಂತ ಹೇಳುತ್ತ, ಎದೆಗೆ ಆನಿಸಿ ಇನ್ನೊಂದು ಮಡಿಕೆ ಹಾಕಿ, ಮೇಲೆ ಕೈಯಾಡಿಸಿ, ಬೆಡ್‌ಶೀಟನ್ನು ಮೇಜಿನ ಮೇಲಿಟ್ಟರು. ಇಟ್ಟ ಮೇಲೂ ಮಾತಾಡುತ್ತಲೇ ಇದ್ದರು, ಮೇಡಂ ಮುಖ ನೋಡಿಕೊಂಡೇ.

ನಡುವೆ ಎಲ್ಲೋ ಅವರಿಗೆ ಅರಿವಾಯಿತು. ಕೈ ಗಾಳಿಯಲ್ಲಿ ಬೆಡ್‌ಶೀಟು ಹುಡುಕಿತು, ಸಿಗಲಿಲ್ಲ. ಮೇಡಂ ಮುಖ ಅಲ್ಲೇ ಇತ್ತು. ರಾಯರ ಮುಖವೂ ಅಲ್ಲೇ ಇತ್ತು. ಯಾರಿಗೂ ಏನೂ ಆಗಿರಲಿಲ್ಲ.

"ಥ್ಯಾಂಕ್ಯೂ," ಅಂದರು ಮೇಡಂ.

ರಾಯರು ಬೆಡ್‌ಶೀಟಿನ ಕಡೆಗೆ ಒಮ್ಮೆ ನೋಡಿದರು. ಎತ್ತಿ ಕೊಡಲಿಲ್ಲ. "ಯು ಆರ್ ವೆಲ್‌ಕಮ್, ಮೇಡಂ," ಅಂದರು.

ಕೆಲಸ ಸಿಕ್ಕಿತು. ಅತಿಥಿಗಳ ಮುಂದೆ ಕೊಲ್ಲುವ ಮಾತು ಎತ್ತಕೂಡದು ಅನ್ನುವುದೊಂದೇ ಷರತ್ತು. ಮ್ಯಾನೇಜರನ್ನು ಮೇಜಿನ ಕೆಳಗಿನಿಂದ ಎತ್ತಿ ಕೂರಿಸಿ ನೀರು ಕುಡಿಸಿದವರೂ ರಾಯರೇ. ಸಂಜೆ ಮನೆಯಲ್ಲಿ ಹೆಂಡತಿ ಅತ್ತರು, ಮಗಳು ಕುಣಿದಳು. ಬಿಳಿ ಕುದುರೆಯ ವೀರನಿಗೆ ಸುದ್ದಿ ಹೇಳಿದಾಗ ಅವನು ಸಂತೋಷಕ್ಕೆ ಒಂದಲ್ಲ ಎರಡು ಸಲ ಸತ್ತನಂತೆ.

ಮಗಳು ನನ್ನ ಅಂಗಡಿಗೆ ಬಂದು ಎಲ್ಲ ಕಥೆ ಬಿಡಿಸಿ ಹೇಳಿದಳು. ನನಗೆ ಹೇಳಿದ ಮೇಲೆ ಬೀದಿಗೆ ಬೇರೆ ಹೇಳುವ ಅಗತ್ಯ ಇಲ್ಲ. ದೀಪ ಹಚ್ಚುವ ಹೊತ್ತಿಗೆ ರಾಯರು ಕೊಲೆಗಾರರಲ್ಲ, ಬರೀ ರಿಸೆಪ್ಷನ್‌ನವರು ಅಂತ ಎಲ್ಲರಿಗೂ ಗೊತ್ತಾಯಿತು. ಪೊಲೀಸಪ್ಪ ಬಂದು ಕರವಸ್ತ್ರದ ಕಥೆ ಯಾರಿಗೂ ಹೇಳಬೇಡಿ ಅಂತ ಕೇಳಿಕೊಂಡ. ತರಕಾರಿಯವಳ ಕೈ ಮತ್ತೆ ತಕ್ಕಡಿಯ ಹತ್ತಿರ ಬಂತು. ಷಡ್ಡಕ, ಇದೆಲ್ಲ ತಾನು ಹಾಕಿದ ಅಡಿಪಾಯ ಅಂತ ಹೇಳಿಕೊಂಡು ಬಂದು ಕಾಫಿ ಕುಡಿದ. ಈ ಸಲ ಒಂದೇ ಲೋಟ ಸಿಕ್ಕಿತು.

ಮಾರನೆಯ ಬೆಳಿಗ್ಗೆ ರಾಯರು ರಿಸೆಪ್ಷನ್‌ನ ಹೊಸ ಕೋಟು ತೊಟ್ಟು ಬಾಗಿಲಿಗೆ ಬಂದರು. ಮೇಲೆ ವಕೀಲರ ಮನೆಯ ಬಟ್ಟೆ ಹಳೆಯ ಪದ್ಧತಿಯಂತೆ ತೊಟತೊಟ ಸುರಿಯುತ್ತಿತ್ತು. ಒಂದು ಹನಿ ಕೋಟಿನ ಭುಜಕ್ಕೆ ಬಿತ್ತು. ರಾಯರು ಅಭ್ಯಾಸದಂತೆ ಕೊಡೆ ಬಿಚ್ಚಿದರು. ಎರಡು ಹೆಜ್ಜೆ ಇಟ್ಟರು. ನಿಂತರು. ಆಮೇಲೆ ಕೊಡೆ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಮಹಡಿಯ ಮೆಟ್ಟಿಲು ಹತ್ತಿದರು. ನಾನು ಅಂಗಡಿ ಬಿಟ್ಟು ಹಿಂದೆಯೇ ಓಡಿದೆ. ಇಂಥದ್ದನ್ನು ತಪ್ಪಿಸಿಕೊಳ್ಳುವವನು ನಾನಲ್ಲ.

ವಕೀಲರು ಬಾಗಿಲು ತೆರೆದರು. ಎದುರಿಗೆ ಮುಖ. ರಾಯರ ಬಾಯಿ ತೆರೆಯಿತು, ಮುಚ್ಚಿತು. ಕಂಕುಳಿನ ಕೊಡೆಯ ಕಡೆ ಕೈ ಹೋಯಿತು. ಈಗ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿಯುತ್ತಾರೆ ಅಂದುಕೊಂಡೆ. ಬಿಚ್ಚಲಿಲ್ಲ. ಅಚ್ಚ ಕನ್ನಡದಲ್ಲಿ ಹೇಳಿದರು:

"ವಕೀಲರೇ, ಬಟ್ಟೆ ಸ್ವಲ್ಪ ಹಿಂಡಿ ಹಾಕಿ. ನನ್ನ ತಲೆ ಮೇಲೆ ನೀರು ಬೀಳುತ್ತೆ."

ವಕೀಲರು ಕಂಬಿಯಿಂದ ಬಗ್ಗಿ ಕೆಳಗೆ ನೋಡಿದರು. ಅವರು ಯಾವತ್ತೂ ಬಗ್ಗಿ ನೋಡಿರಲೇ ಇಲ್ಲ. "ಅಯ್ಯೋ ರಾಮ! ಅಲ್ಲೇ ಬೀಳುತ್ತಾ? ಮೊದಲೇ ಹೇಳ್ಬಾರದಿತ್ತಾ ರಾಯರೇ? ಹೇಳಿದ್ರೆ ಅವತ್ತೇ ಹಿಂಡ್ತಿದ್ವಲ್ಲ. ಇಷ್ಟು ವರ್ಷ ಯಾಕೆ ಸುಮ್ನಿದ್ರಿ?"

ರಾಯರು ಕೋಟಿನ ಭುಜದ ಹನಿ ಒರೆಸಿಕೊಂಡರು.

"ಆಗ ನನಗೆ ಇಂಗ್ಲಿಷ್ ಬರ್ತಿರ್ಲಿಲ್ಲ," ಅಂದರು. ಕೊಡೆಯನ್ನು ನನ್ನ ಕೈಗೆ ಕೊಟ್ಟು, ಮೆಟ್ಟಿಲು ಇಳಿದು ಬಸ್ಸಿಗೆ ಹೋದರು.